ನಾಳೆಯ ಕೆಲಸಕ್ಕೆ ಇಂದಿನ ಕಟ್ಟಡ

ಖಾನಾಪುರ ತಾಲ್ಲೂಕಿನ ರೈತರೊಬ್ಬರಿಗೆ ಬೆಳೆಸಾಲ ಬೇಕು ಎಂದುಕೊಳ್ಳಿ. ಬ್ಯಾಂಕಿನವರು ಹೊಲದ ಉತಾರ ಕೇಳುತ್ತಾರೆ. ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಇದೆ, ಏನು ಬೆಳೆದಿದ್ದಾರೆ ಎಂದು ತಿಳಿಸುವ ಸರ್ಕಾರಿ ಕಾಗದವೇ ಉತಾರ. ದಕ್ಷಿಣದ ಜಿಲ್ಲೆಗಳ ಮಕ್ಕಳು ಇದನ್ನು ಪಹಣಿ ಎಂಬ ಹೆಸರಿನಿಂದ ಬಲ್ಲರು.

ನಿಮ್ಮ ಅಜ್ಜ ಉತಾರ ತೆಗೆಸುವಾಗ ಅದನ್ನು ಕೈಯಲ್ಲಿ ಬರೆದು ಕೊಡುತ್ತಿದ್ದರು. ಊರೂರಿನ ದಾಖಲೆಗಳು ದಪ್ಪ ದಪ್ಪ ಪುಸ್ತಕಗಳಲ್ಲಿ, ಬಟ್ಟೆಯಲ್ಲಿ ಕಟ್ಟಿದ ದಫ್ತರಗಳಲ್ಲಿ ಇರುತ್ತಿದ್ದವು. 2000ನೇ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಉತಾರಗಳನ್ನು ಗಣಕಯಂತ್ರಕ್ಕೆ ಸೇರಿಸಿದರು. ಖಾನಾಪುರವೂ ಸೇರಿದಂತೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಒಂದು ಕಿಂಡಿ, ಒಂದು ಗಣಕಯಂತ್ರ, ಒಂದು ಮುದ್ರಣಯಂತ್ರ ಬಂದು ಕುಳಿತವು. ಇಂದು ಉತಾರವನ್ನು ಮೊಬೈಲ್ ಫೋನಿನಲ್ಲೂ ನೋಡಬಹುದು.

ಇದರಲ್ಲಿ ಕಟ್ಟಡದ ಮಾತು ಎಲ್ಲಿ ಬಂತು ಎಂದು ನೀವು ಕೇಳಬಹುದು. ಯೋಚಿಸಿ. ತೊಂಬತ್ತು ವರ್ಷದ ಹಿಂದೆ ಒಂದು ಕಚೇರಿಯನ್ನು ಕಟ್ಟಿದವರು ಮಸಿಕುಡಿಕೆ, ಟೈಪ್‌ರೈಟರ್, ಕಡತದ ಬೀರು ಇವುಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಕಟ್ಟಿದ್ದರು. ವಿದ್ಯುತ್ ಪ್ಲಗ್ಗು ಗೋಡೆಗೊಂದರಂತೆ ಬೇಕಾಗುತ್ತದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಗಾಲಿ ಕುರ್ಚಿಯಲ್ಲಿ ಬರುವವರಿಗೆ ಇಳಿಜಾರು ದಾರಿ ಬೇಕು ಎಂದು ಆಗ ಎಷ್ಟು ಜನ ಯೋಚಿಸಿದ್ದರು? ಹಾಗೆಯೇ ಇಂದು ನಾವು ಕಟ್ಟುವ ಕಚೇರಿಯಲ್ಲಿ 2100ರಲ್ಲಿ ಜನ ಏನು ಕೆಲಸ ಮಾಡುತ್ತಾರೆ? ನನಗೂ ಗೊತ್ತಿಲ್ಲ, ನಿಮ್ಮ ಗುರುಗಳಿಗೂ ಗೊತ್ತಿಲ್ಲ, ಅದನ್ನು ಕಟ್ಟುವ ಎಂಜಿನಿಯರಿಗೂ ಗೊತ್ತಿಲ್ಲ. ಆದರೂ ಕಟ್ಟಡವನ್ನಂತೂ ಇಂದೇ ಕಟ್ಟಬೇಕು. ಗೊತ್ತಿಲ್ಲದ ಕೆಲಸಕ್ಕೆ ಕಟ್ಟಡ ಕಟ್ಟುವುದು ಹೇಗೆ?

ಬೆಳಗಾವಿ ಕಂಡ ಬದಲಾವಣೆಗಳು

ಬೆಳಗಾವಿಯ ಕೋಟೆಯನ್ನೇ ನೋಡಿ. ಅದರೊಳಗಿನ ಕಮಲ ಬಸದಿ ರಟ್ಟ ಅರಸರ ಕಾಲದ್ದು, 1204ರಲ್ಲಿ ಕಟ್ಟಿದ್ದು. ಮುಂದೆ ಕೋಟೆ ಆದಿಲ್‌ಶಾಹಿಗಳ, ಮರಾಠರ ಕೈಗೆ ಹೋಯಿತು. 1818ರಲ್ಲಿ ಬ್ರಿಟಿಷರು ಗೆದ್ದುಕೊಂಡರು. ಅರಸರು ಬದಲಾದಂತೆ ಒಳಗಿನ ಕೆಲಸವೂ ಬದಲಾಯಿತು. ಕಂದಕ ಮತ್ತು ಗೋಡೆ ಮಾತ್ರ ಉಳಿದವು.

ಈಚಿನ ಸಂಗತಿಗಳನ್ನು ನೋಡೋಣ. 2006ರ ಸೆಪ್ಟೆಂಬರಿನಲ್ಲಿ ರಾಜ್ಯದ ವಿಧಾನಮಂಡಲದ ಅಧಿವೇಶನ ಮೊದಲ ಸಲ ಬೆಳಗಾವಿಯಲ್ಲಿ ಸೇರಿತು. ಆಗ ಅದಕ್ಕೆಂದು ಬೇರೆ ಕಟ್ಟಡ ಇರಲಿಲ್ಲ. ಕೆ.ಎಲ್.ಇ. ಸಂಸ್ಥೆಯ ಆವರಣದಲ್ಲೇ ಶಾಸಕರು ಕುಳಿತು ಚರ್ಚಿಸಿದರು. ವಿದ್ಯಾರ್ಥಿಗಳ ಜಾಗ ಕೆಲವು ದಿನದ ಮಟ್ಟಿಗೆ ಶಾಸನ ಮಾಡುವ ಮನೆಯಾಯಿತು! 2014ರ ನವೆಂಬರ್ 1ರಂದು ಊರಿನ ಹೆಸರೇ ಅಧಿಕೃತವಾಗಿ ‘ಬೆಳಗಾವಿ’ ಆಯಿತು. ಕಚೇರಿ ಕಚೇರಿಯ ನಾಮಫಲಕಗಳು ಬದಲಾದವು. 2019ರ ಆಗಸ್ಟಿನಲ್ಲಿ ಜಿಲ್ಲೆಯಲ್ಲಿ ಭಾರಿ ನೆರೆ ಬಂತು. ಮನೆ ಕಳೆದುಕೊಂಡವರಿಗೆ ಹಲವು ಊರುಗಳಲ್ಲಿ ಶಾಲೆಗಳೇ ಪರಿಹಾರ ಕೇಂದ್ರಗಳಾದವು. ಮರುವರ್ಷ ಕೊರೊನಾ ಬಂತು. ಕಚೇರಿಗಳು ಬಾಗಿಲು ಹಾಕಿದವು, ಹಾಸ್ಟೆಲುಗಳು ಆರೈಕೆಯ ಕೇಂದ್ರಗಳಾದವು.

ಇವುಗಳಲ್ಲಿ ಯಾವುದನ್ನೂ ಕಟ್ಟಡ ಕಟ್ಟಿದವರು ಮುಂಚೆ ತಿಳಿದಿರಲಿಲ್ಲ. ಆದರೆ ನೆರೆಯ ರಾತ್ರಿ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ, ಆ ಶಾಲೆಯ ಕೋಣೆ ಸೋರದೆ ಇರುವುದು, ಶೌಚಾಲಯ ಇರುವುದು, ನೆಲ ಎತ್ತರದಲ್ಲಿ ಇರುವುದು ಎಷ್ಟು ಮುಖ್ಯ!

ಒಂದು ಕಟ್ಟಡವಲ್ಲ, ಆರು ಪದರ

ಬ್ರಿಟನ್ನಿನ ವಾಸ್ತುಶಿಲ್ಪಿ ಫ್ರಾಂಕ್ ಡಫಿ ಕಚೇರಿ ಕಟ್ಟಡಗಳನ್ನು ಬಹಳ ಕಾಲ ಅಧ್ಯಯನ ಮಾಡಿದರು. ಕಟ್ಟಡ ಎಂಬುದು ಒಂದೇ ವಸ್ತುವಲ್ಲ, ಬೇರೆ ಬೇರೆ ಆಯುಸ್ಸಿನ ಹಲವು ಪದರಗಳ ಕೂಟ ಎಂಬುದು ಅವರ ವಿಚಾರ. ಅಮೆರಿಕದ ಲೇಖಕ ಸ್ಟುವರ್ಟ್ ಬ್ರಾಂಡ್ 1994ರಲ್ಲಿ ಬರೆದ ಪುಸ್ತಕವೊಂದರಲ್ಲಿ ಈ ಪದರಗಳನ್ನು ಆರು ಎಂದು ಎಣಿಸಿದರು.

ಮೊದಲನೆಯದು ನಿವೇಶನ, ಅಂದರೆ ಕಟ್ಟಡ ನಿಂತ ಜಾಗ. ಇದು ಬದಲಾಗುವುದೇ ಇಲ್ಲ ಎನ್ನಬಹುದು. ಎರಡನೆಯದು ಅಸ್ಥಿಪಂಜರ: ಬುನಾದಿ, ಕಂಬ, ತೊಲೆ, ಭಾರ ಹೊರುವ ಗೋಡೆ. ಇದರ ಆಯುಸ್ಸು 30ರಿಂದ 300 ವರ್ಷ. ಮೂರನೆಯದು ಚರ್ಮ: ಹೊರಮೈ, ಕಿಟಕಿ, ಚಾವಣಿಯ ಹೊದಿಕೆ. ಇದನ್ನು ಸುಮಾರು 20 ವರ್ಷಕ್ಕೊಮ್ಮೆ ಬದಲಿಸುತ್ತಾರೆ. ನಾಲ್ಕನೆಯದು ನರನಾಡಿಗಳು: ನೀರಿನ ಕೊಳವೆ, ವಿದ್ಯುತ್ ತಂತಿ, ಚರಂಡಿ, ಲಿಫ್ಟು. ಇವು 7ರಿಂದ 15 ವರ್ಷಕ್ಕೆ ಹಳತಾಗುತ್ತವೆ. ಐದನೆಯದು ಒಳಗಿನ ಅಡ್ಡಗೋಡೆ, ಬಾಗಿಲುಗಳ ಜೋಡಣೆ. ಗದ್ದಲದ ಕಚೇರಿಯಲ್ಲಿ ಇದು ಮೂರೇ ವರ್ಷಕ್ಕೆ ಬದಲಾಗಬಹುದು. ಆರನೆಯದು ಮೇಜು, ಕುರ್ಚಿ, ಬೀರು. ಇವನ್ನು ನಿಮ್ಮ ಗುರುಗಳು ನಾಳೆಯೇ ಸರಿಸಬಲ್ಲರು.

ತೊಂದರೆ ಹುಟ್ಟುವುದು ಪದರಗಳು ಒಂದಕ್ಕೊಂದು ಹೆಣೆದುಕೊಂಡಾಗ. ಕೊಳವೆಯ ಆಯುಸ್ಸು 15 ವರ್ಷ, ಕಾಂಕ್ರೀಟಿನದು 80 ವರ್ಷ ಎಂದುಕೊಳ್ಳಿ. ಕೊಳವೆಯನ್ನು ಕಾಂಕ್ರೀಟಿನ ಒಳಗೇ ಹೂತರೆ ಏನಾಗುತ್ತದೆ? ಹದಿನಾರನೆಯ ವರ್ಷ ಕೊಳವೆ ಸೋರುತ್ತದೆ. ಅದನ್ನು ತೆಗೆಯಲು ಗಟ್ಟಿಮುಟ್ಟಾದ ಕಾಂಕ್ರೀಟನ್ನು ಒಡೆಯಬೇಕು. ಅಲ್ಪಾಯುಷಿಯ ಕಾಯಿಲೆಗೆ ದೀರ್ಘಾಯುಷಿಯ ಮೂಳೆ ಮುರಿದಂತಾಯಿತು! ಅದೇ ಕೊಳವೆಯನ್ನು ಗೋಡೆಯ ಮೇಲೆ, ಅಥವಾ ಬಾಗಿಲಿರುವ ಒಂದು ಕಿರುಗೂಡಿನ ಒಳಗೆ ಹಾಯಿಸಿದ್ದರೆ ಕೊಳಾಯಿ ಕೆಲಸದವರು ಅರ್ಧ ದಿನದಲ್ಲಿ ಸರಿಮಾಡುತ್ತಿದ್ದರು. ಗೋಡೆಯ ಮೇಲೆ ಕೊಳವೆ ಕಂಡರೆ ಚೆನ್ನಾಗಿರುವುದಿಲ್ಲ ಎಂದು ಹಲವರು ಮೂಗು ಮುರಿಯುತ್ತಾರೆ. ನನಗಂತೂ ಸೋರಿ ಪಾಚಿ ಕಟ್ಟಿದ ಗೋಡೆಗಿಂತ ಕೊಳವೆ ಕಾಣುವ ಗೋಡೆಯೇ ಚೆಂದ. ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ 1977ರಲ್ಲಿ ತೆರೆದ ಪಾಂಪಿದೂ ಕೇಂದ್ರ ಎಂಬ ದೊಡ್ಡ ಕಟ್ಟಡದಲ್ಲಿ ಕೊಳವೆಗಳನ್ನೆಲ್ಲ ಬಣ್ಣ ಬಳಿದು ಹೊರಗೇ ಇಟ್ಟಿದ್ದಾರೆ.

ಗೋಡೆ ಹೊರುವುದೋ, ಕಂಬ ಹೊರುವುದೋ

ಖಾನಾಪುರದ ಕಡೆಯ ಹಳೆಯ ಕಟ್ಟಡಗಳಲ್ಲಿ ಕೆಂಪಗೆ, ತೂತು ತೂತಾಗಿ ಕಾಣುವ ಕಲ್ಲಿನ ದಪ್ಪ ಗೋಡೆಗಳನ್ನು ನೀವು ನೋಡಿರಬಹುದು. ಅದು ಜಂಬಿಟ್ಟಿಗೆ. ಬಿಸಿಲು, ಮಳೆ ಎರಡೂ ಹೆಚ್ಚಿರುವ ನಾಡಿನಲ್ಲಿ ಬಂಡೆಯೊಳಗಿನ ಕರಗುವ ಅಂಶಗಳು ಸಾವಿರಾರು ವರ್ಷ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಈ ಕಲ್ಲು ಆಗುತ್ತದೆ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ಇಂಥ ಕಟ್ಟಡದಲ್ಲಿ ಚಾವಣಿಯ ಭಾರವನ್ನು ಗೋಡೆಯೇ ಹೊರುತ್ತದೆ. ಕಾಂಕ್ರೀಟಿನ ಹೊಸ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕಂಬ ಮತ್ತು ತೊಲೆಗಳು ಹೊರುತ್ತವೆ, ಗೋಡೆ ಬರೀ ಮರೆಗೆ ಇರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮೇಜಿನ ಮೇಲೆಯೇ ನೋಡಬಹುದು.

ಎರಡು ನೋಟುಪುಸ್ತಕಗಳನ್ನು ಅರ್ಧ ತೆರೆದು, ಒಂದಕ್ಕೊಂದು ಸ್ವಲ್ಪ ದೂರದಲ್ಲಿ ನೆಟ್ಟಗೆ ನಿಲ್ಲಿಸಿ. ಅವುಗಳ ಮೇಲೆ ಒಂದು ರಟ್ಟು ಇಡಿ. ಇದು ಗೋಡೆ ಹೊರುವ ಕಟ್ಟಡ. ಈಗ ಒಂದು ಪುಸ್ತಕವನ್ನು ಎಳೆಯಿರಿ. ರಟ್ಟು ಬಿತ್ತಲ್ಲವೆ? ಇನ್ನು ನಾಲ್ಕು ಬೆಂಕಿಪೊಟ್ಟಣಗಳನ್ನು ನಾಲ್ಕು ಮೂಲೆಗೆ ನಿಲ್ಲಿಸಿ, ಅವುಗಳ ಮೇಲೆ ರಟ್ಟು ಇಡಿ. ನಡುವೆ ಅಂಚೆಕಾರ್ಡುಗಳನ್ನು ಮಡಿಸಿ ನಿಲ್ಲಿಸಿ ಕೋಣೆ ಮಾಡಿ. ಈಗ ಕಾರ್ಡನ್ನು ತೆಗೆಯಿರಿ, ಇನ್ನೊಂದು ಕಡೆ ಇಡಿ. ರಟ್ಟು ಅಲುಗುವುದಿಲ್ಲ.

ಕೋಣೆಗಳನ್ನು ಬೇಕಾದಂತೆ ದೊಡ್ಡದು, ಚಿಕ್ಕದು ಮಾಡಬೇಕಾದ ಕಚೇರಿಗೆ ಕಂಬದ ಕಟ್ಟಡ ಅನುಕೂಲ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ಮನೆಗೆ ಹೋಗಿ ಯಾವುದಾದರೂ ಗೋಡೆ ಒಡೆಯಿಸಲು ಹೊರಡಬೇಡಿ! ಯಾವ ಗೋಡೆ ಹೊರುತ್ತಿದೆ, ಯಾವುದು ಬರೀ ಮರೆ ಎಂಬುದನ್ನು ಎಂಜಿನಿಯರೇ ನೋಡಿ ಹೇಳಬೇಕು.

ಒಂದೂವರೆ ಅಂಗುಲದ ಕಥೆ

ಕಾಂಕ್ರೀಟಿಗೂ ಒಂದು ಕಾಯಿಲೆ ಇದೆ. ಕಾಂಕ್ರೀಟ್ ಹಿಸುಕಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಅದಕ್ಕೆ ಒಳಗೆ ಉಕ್ಕಿನ ಸರಳು ಹಾಕುತ್ತಾರೆ. ಹೊಸ ಕಾಂಕ್ರೀಟ್ ಸುಣ್ಣದ ನೀರಿನಂತೆ ಪ್ರತ್ಯಾಮ್ಲ ಗುಣದ್ದು. ಆ ಗುಣ ಇರುವವರೆಗೆ ಒಳಗಿನ ಸರಳಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ ಆ ಗುಣವನ್ನು ಕುಗ್ಗಿಸುತ್ತದೆ. ಅದು ಸರಳನ್ನು ಮುಟ್ಟಿದ ಮೇಲೆ, ಜೊತೆಗೆ ನೀರೂ ಸಿಕ್ಕಿದರೆ, ತುಕ್ಕು ಶುರು.

ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ. ಎರಡರಿಂದ ಆರು ಪಟ್ಟು ಉಬ್ಬುತ್ತದೆ. ಒಳಗಿನಿಂದ ಒತ್ತಡ ಬಿದ್ದು ಕಾಂಕ್ರೀಟ್ ಸೀಳುತ್ತದೆ. ಸೀಳಿದ ಕಡೆ ಇನ್ನಷ್ಟು ನೀರು ಇಳಿಯುತ್ತದೆ. ಹಳೆಯ ಕಟ್ಟಡದ ಚಾವಣಿಯಿಂದ ಗಾರೆ ಉದುರಿ, ಕಂದು ಬಣ್ಣದ ಸರಳುಗಳು ಇಣುಕುವುದನ್ನು ನೀವು ಕಂಡಿರಬಹುದು. ಅಂಥ ಕಡೆ ಅಡಿಯಲ್ಲಿ ಕೂರಬೇಡಿ, ಗುರುಗಳಿಗೆ ತಿಳಿಸಿ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತಮುತ್ತ ಮಳೆಗಾಲವೆಂದರೆ ತಿಂಗಳುಗಟ್ಟಲೆ ಗೋಡೆ ಒಣಗುವುದೇ ಇಲ್ಲ. ಖಾನಾಪುರ ತಾಲ್ಲೂಕಿನ ಕಟ್ಟಡಗಳಿಗೆ ಈ ಎಚ್ಚರ ಬೆಳಗಾವಿಯ ಪೂರ್ವದ ಒಣ ತಾಲ್ಲೂಕುಗಳಿಗಿಂತ ಹೆಚ್ಚಾಗಿ ಬೇಕು.

ಹಾಗಾದರೆ ಸರಳನ್ನು ಕಾಪಾಡುವುದು ಯಾವುದು? ಅದರ ಮೇಲಿರುವ ಕಾಂಕ್ರೀಟಿನ ಹೊದಿಕೆ. ನಮ್ಮ ದೇಶದ ಕಾಂಕ್ರೀಟ್ ಕೆಲಸಕ್ಕೆ ಐಎಸ್ 456 ಎಂಬ ನಿಯಮಾವಳಿ ಇದೆ. ಕಂಬದ ಮುಖ್ಯ ಸರಳಿನ ಮೇಲೆ ಸಾಮಾನ್ಯವಾಗಿ 40 ಮಿಲಿಮೀಟರ್ ಹೊದಿಕೆ ಇರಬೇಕೆಂದು 2000ರಲ್ಲಿ ಪರಿಷ್ಕರಿಸಿದ ಈ ನಿಯಮ ಹೇಳುತ್ತದೆ. ಅಂದರೆ ಸುಮಾರು ಒಂದೂವರೆ ಅಂಗುಲ. ಸರಳು ಹಲಗೆಗೆ ಅಂಟದಂತೆ ಗೌಂಡಿಗಳು ನಡುವೆ ಸಿಮೆಂಟಿನ ಸಣ್ಣ ಬಿಲ್ಲೆ ಇಡುವುದನ್ನು ನೋಡಿದ್ದೀರಾ? ಆ ಬಿಲ್ಲೆ ಈ ಹೊದಿಕೆಗಾಗಿಯೇ. ಅದನ್ನು ಮರೆತರೆ, ಕಾಂಕ್ರೀಟಿಗೆ ನೀರು ಜಾಸ್ತಿ ಸುರಿದರೆ, ಹಾಕಿದ ಮೇಲೆ ದಿನವೂ ನೀರುಣಿಸದೆ ಬಿಟ್ಟರೆ, ನೂರು ವರ್ಷ ಬಾಳಬೇಕಾದ ಕಟ್ಟಡ ಮೂವತ್ತಕ್ಕೇ ಮುದಿಯಾಗುತ್ತದೆ. ದೊಡ್ಡ ದೊಡ್ಡ ನಕಾಶೆಗಳ ನಡುವೆ ಈ ಬಿಲ್ಲೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಮಕ್ಕಳಿಗಿಂತ ಕಾಗದ ಭಾರ

ಉದ್ದ ಬಾಳುವುದು ಒಂದು, ಬದಲಾಗಬಲ್ಲುದು ಇನ್ನೊಂದು. ಬದಲಾಗಬೇಕಾದರೆ ಕಟ್ಟಡದಲ್ಲಿ ಸ್ವಲ್ಪ ಹೆಚ್ಚುವರಿ ಇರಬೇಕು. ಮೊದಲು ಭಾರದ ಲೆಕ್ಕ ಮಾಡೋಣ.

ಒಂದು ಚದರ ಮೀಟರ್ ಜಾಗದಲ್ಲಿ 16 ಎ4 ಹಾಳೆಗಳನ್ನು ಹಾಸಬಹುದು. 500 ಹಾಳೆಯ ಒಂದು ಕಟ್ಟಿನ ತೂಕ ಸುಮಾರು ಎರಡೂವರೆ ಕಿಲೋಗ್ರಾಂ, ದಪ್ಪ ಸುಮಾರು 5 ಸೆಂಟಿಮೀಟರ್. ಎರಡು ಮೀಟರ್ ಎತ್ತರಕ್ಕೆ ಕಟ್ಟುಗಳನ್ನು ಪೇರಿಸಿದರೆ ಒಂದರ ಮೇಲೊಂದು 40 ಕಟ್ಟು ಬೇಕು. ಒಟ್ಟು 16 x 40 = 640 ಕಟ್ಟು. ತೂಕ 640 x 2.5 = 1,600 ಕಿಲೋಗ್ರಾಂ! ಬೀರುವಿನಲ್ಲಿ ಅರ್ಧ ಜಾಗ ಖಾಲಿ ಎಂದು ಹಿಡಿದರೂ 800 ಕಿಲೋಗ್ರಾಂ. ಅದೇ ಒಂದು ಚದರ ಮೀಟರಿನಲ್ಲಿ 35 ಕಿಲೋಗ್ರಾಂ ತೂಕದ ಐದು ಮಕ್ಕಳು ನಿಂತರೆ 175 ಕಿಲೋಗ್ರಾಂ ಮಾತ್ರ.

ಅದಕ್ಕೇ ನಮ್ಮ ದೇಶದ ಕಟ್ಟಡ ನಿಯಮಗಳು ಬೇರೆ ಬೇರೆ ಕೋಣೆಗೆ ಬೇರೆ ಬೇರೆ ಭಾರ ಹೇಳಿವೆ. ಮನೆಯ ಕೋಣೆಯ ನೆಲ ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ, ಶಾಲೆಯ ತರಗತಿ 300, ಗ್ರಂಥಾಲಯದಲ್ಲಿ ಪುಸ್ತಕ ಪೇರಿಸಿಡುವ ಕೋಣೆ ಕನಿಷ್ಠ 600 ಕಿಲೋಗ್ರಾಂ ತಡೆಯಬೇಕು. ಮನೆಗೆಂದು ಕಟ್ಟಿದ ಮಹಡಿಯಲ್ಲಿ ಕಡತಗಳ ಬೀರು ತುಂಬಿದರೆ ಅಪಾಯ ಎಂಬುದು ಈ ಅಂಕಿಗಳಿಂದ ತಿಳಿಯುತ್ತದೆ. ಹಾಗಾದರೆ ಎಲ್ಲ ನೆಲವನ್ನೂ 600ಕ್ಕೆ ಕಟ್ಟಬೇಕೆ? ಬೇಡ. ಸಿಮೆಂಟು, ಉಕ್ಕು ಎರಡೂ ಪೋಲು. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡ 7-8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ನೆಲಮಹಡಿಯನ್ನು ಗಟ್ಟಿ ಮಾಡಿ, ಭಾರದ್ದನ್ನೆಲ್ಲ ಅಲ್ಲಿಡುವುದು ಜಾಣತನ. ಎಲ್ಲಿ ಹೆಚ್ಚು, ಎಲ್ಲಿ ಸಾಕು ಎಂದು ನಿರ್ಧರಿಸುವುದರಲ್ಲೇ ಎಂಜಿನಿಯರಿನ ವಿವೇಕ ಇರುವುದು.

ಇನ್ನೊಂದು ಹೆಚ್ಚುವರಿ ಎಂದರೆ ಎತ್ತರ. ಕಿಟಕಿಯ ಮೇಲ್ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಕೋಣೆಯೊಳಗೆ ಓದಲು ಸಾಕಾಗುವ ಬೆಳಕು ಬರುತ್ತದೆ ಎಂಬುದು ಕಟ್ಟಡ ಕಟ್ಟುವವರ ಒಂದು ಅಂದಾಜು. ಮೇಲ್ತುದಿ 2 ಮೀಟರಿನಲ್ಲಿದ್ದರೆ 4-5 ಮೀಟರ್, 3 ಮೀಟರಿನಲ್ಲಿದ್ದರೆ 6-7.5 ಮೀಟರ್. ಎತ್ತರದ ಕಿಟಕಿಯ ಕೋಣೆ ಕರೆಂಟು ಹೋದರೂ ಕೆಲಸಕ್ಕೆ ಬರುತ್ತದೆ. ಅದು ಕಚೇರಿಯಾಗಬಹುದು, ತರಗತಿಯಾಗಬಹುದು, ಆಸ್ಪತ್ರೆಯ ವಾರ್ಡೂ ಆಗಬಹುದು. ಚಾವಣಿ ಎತ್ತರವಿದ್ದರೆ ಹೊಸ ತಂತಿ, ಹೊಸ ಕೊಳವೆಗಳನ್ನು ಮೇಲ್ಗಡೆ ಹಾಯಿಸಲು ಜಾಗವೂ ಸಿಗುತ್ತದೆ. ಕಿಟಕಿಯಿಂದ ಬಹು ದೂರ ಒಳಗೆ ಚಾಚಿದ, ತಗ್ಗು ಚಾವಣಿಯ, ಗಾಜು ಮುಚ್ಚಿದ ಕಟ್ಟಡಕ್ಕೆ ಈ ಭಾಗ್ಯವಿಲ್ಲ. ಕರೆಂಟು ಹೋದರೆ ಅದು ಗವಿ.

ಹದಿನೆಂಟು ಇಲಾಖೆಯ ಮನೆ

ಎತ್ತರದ ಕೋಣೆಗಳ ಕಟ್ಟಡ ಎಷ್ಟು ಕೆಲಸ ಬದಲಿಸಬಲ್ಲುದು ಎಂಬುದಕ್ಕೆ ಒಳ್ಳೆಯ ಉದಾಹರಣೆ ಇರುವುದು ನಮ್ಮ ರಾಜಧಾನಿಯಲ್ಲಿ. ಆದ್ದರಿಂದ ಸ್ವಲ್ಪ ಹೊತ್ತು ಬೆಂಗಳೂರಿಗೆ ಹೋಗಿ ಬರೋಣ.

ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆ 1791ರಲ್ಲಿ ಮುಗಿಯಿತು. ಮರದ ಕಂಬಗಳ ಸೊಗಸಾದ ಕಟ್ಟಡ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡಾಗ ಈ ಅರಮನೆಯೇ ಅವರ ಸಚಿವಾಲಯವಾಯಿತು. ಕೆಲಸ ಬೆಳೆಯಿತು, ಜಾಗ ಸಾಲದಾಯಿತು. ಆಗ ಕಬ್ಬನ್ ಉದ್ಯಾನದ ಅಂಚಿನಲ್ಲಿ ಹೊಸ ಕಚೇರಿ ಕಟ್ಟಿದರು. 1868ರಲ್ಲಿ ಮುಗಿದ ಆ ಕೆಂಪು ಕಟ್ಟಡಕ್ಕೆ ಹದಿನೆಂಟು ಇಲಾಖೆಗಳು ಬಂದವು. ‘ಅಠಾರಾ’ ಎಂದರೆ ಹಿಂದಿ, ಉರ್ದುವಿನಲ್ಲಿ ಹದಿನೆಂಟು. ಜನ ಅದನ್ನು ಅಠಾರಾ ಕಚೇರಿ ಎಂದು ಕರೆದರು.

1956ರಲ್ಲಿ ಎದುರಿಗೇ ವಿಧಾನಸೌಧ ಸಿದ್ಧವಾಯಿತು. ಇಲಾಖೆಗಳು ರಸ್ತೆ ದಾಟಿ ಹೋದವು. ಖಾಲಿಯಾದ ಅಠಾರಾ ಕಚೇರಿಗೆ ಹೈಕೋರ್ಟ್ ಬಂತು. ಗುಮಾಸ್ತರು ಕೂರುತ್ತಿದ್ದ ಎತ್ತರದ ಕೋಣೆಗಳಲ್ಲಿ ನ್ಯಾಯಾಧೀಶರ ಪೀಠಗಳು ಬಂದವು. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಾಗ ನಾಗರಿಕರು ವಿರೋಧಿಸಿದರು. ಕಟ್ಟಡ ಉಳಿಯಿತು. ದಪ್ಪ ಗೋಡೆ ಹೊರುವ ಕಟ್ಟಡ ಇದು. ಒಳಗೆ ಅಡ್ಡಗೋಡೆ ಸರಿಸುವುದು ಸುಲಭವಲ್ಲ. ಆದರೂ ಒಂದೂವರೆ ಶತಮಾನ ದಾಟಿ ಬಾಳಿದೆ. ಕಾರಣ, ಕೋಣೆಗಳು ದೊಡ್ಡವು, ಎತ್ತರದವು, ಬೆಳಕು ಗಾಳಿ ಬರುವಂಥವು. ಒಂದು ಕೋಣೆಯ ಮೂಲಕ ಇನ್ನೊಂದಕ್ಕೆ ಹೋಗಬೇಕಾಗಿಲ್ಲ. ಉದ್ದನೆಯ ಮೊಗಸಾಲೆಯಿಂದ ನೇರವಾಗಿ ಹೋಗಬಹುದು. ಇಂಥ ಕೋಣೆಗೆ ಯಾವ ಕೆಲಸ ಬಂದರೂ ಒಗ್ಗಿಕೊಳ್ಳುತ್ತದೆ.

ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ರೇಡಾರ್ ಸಂಶೋಧನೆಗೆಂದು ಅಲ್ಲಿ ಅವಸರದಲ್ಲಿ ಮರದ ಕಟ್ಟಡವೊಂದನ್ನು ಕಟ್ಟಿದರು. ಹೆಸರೂ ಇಲ್ಲ, ‘20ನೇ ಕಟ್ಟಡ’ ಅಷ್ಟೆ. ಯುದ್ಧ ಮುಗಿದ ಮೇಲೆ ಕೆಡವಬೇಕಾಗಿತ್ತು. ಆದರೆ ವಿಜ್ಞಾನಿಗಳಿಗೆ ಅದು ಬಹಳ ಹಿಡಿಸಿತು. ತಂತಿ ಹಾಯಿಸಬೇಕೆ, ಯಾರನ್ನೂ ಕೇಳದೆ ಗೋಡೆಗೆ ತೂತು ಕೊರೆಯಬಹುದಿತ್ತು. 1998ರವರೆಗೆ, 55 ವರ್ಷ, ಅದು ನಿಂತಿತ್ತು!

ಊರ ಹೊರಗಿನ ಸೌಧ

ಈಗ ಮತ್ತೆ ಬೆಳಗಾವಿಗೆ. ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕ, ಹಲಗಾ ಮತ್ತು ಬಸ್ತವಾಡ ಗ್ರಾಮಗಳ ಬಳಿ ಸುವರ್ಣ ವಿಧಾನಸೌಧ ಇದೆ. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಅದನ್ನು ಉದ್ಘಾಟಿಸಿದರು. ಅಲ್ಲಿ ಚಳಿಗಾಲದ ಅಧಿವೇಶನ ನಡೆಯುವುದು ಸಾಮಾನ್ಯವಾಗಿ ಹತ್ತು ಹನ್ನೆರಡು ದಿನ. 2019 ಮತ್ತು 2020ರಲ್ಲಿ ಅದೂ ನಡೆಯಲಿಲ್ಲ. ಉಳಿದ ಮುನ್ನೂರೈವತ್ತು ದಿನ ಇಷ್ಟು ದೊಡ್ಡ ಕಟ್ಟಡ ಏನು ಮಾಡಬೇಕು ಎಂದು ಜನ ಕೇಳತೊಡಗಿದರು. ಮುಂದಿನ ವರ್ಷಗಳಲ್ಲಿ ಹಲವು ಸರ್ಕಾರಿ ಕಚೇರಿಗಳನ್ನು ಅಲ್ಲಿಗೆ ತಂದರು.

ಈ ಕಟ್ಟಡವನ್ನು ಆರು ಪದರದ ಕನ್ನಡಕ ಹಾಕಿಕೊಂಡು ನೋಡಿ. ಸಾಲು ಸಾಲು ಕೋಣೆಗಳು ಸುಲಭವಾಗಿ ಬೇರೆ ಕಚೇರಿಯಾಗುತ್ತವೆ. ಮೇಜು ಇಟ್ಟರೆ ಮುಗಿಯಿತು. ಆದರೆ ನೂರಾರು ಶಾಸಕರು ಕೂರುವಂಥ ಸಭಾಂಗಣ ಒಂದೇ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಅದನ್ನು ಉತಾರ ಕೊಡುವ ಕಚೇರಿ ಮಾಡಲಾಗದು. ಇನ್ನೊಂದು ತೊಡಕು ನಿವೇಶನದ್ದು. ನಿವೇಶನ ಬದಲಾಗದ ಪದರ ಅಲ್ಲವೆ? ಸೌಧ ಇರುವುದು ಪೇಟೆಯಿಂದ ಹೊರಗೆ. ಖಾನಾಪುರದ ರೈತರು ಬಸ್ಸಿನಲ್ಲಿ ಬೆಳಗಾವಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯಬೇಕು. ಕೋಣೆಯನ್ನು ಕಚೇರಿ ಮಾಡಲು ಒಂದು ದಿನ ಸಾಕು, ಅಲ್ಲಿಗೆ ಜನ ಬಂದು ಹೋಗುವಂತೆ ಮಾಡಲು ಬಸ್ಸು, ನೆರಳು, ಕುಡಿಯುವ ನೀರು, ಅರ್ಜಿ ಬರೆದುಕೊಡುವವರು, ಜೆರಾಕ್ಸ್ ಅಂಗಡಿ ಎಲ್ಲ ಬೇಕು. ಕಟ್ಟಡ ಎಷ್ಟೇ ಭವ್ಯವಾಗಿರಲಿ, ಜಾಗವನ್ನು ಆರಿಸುವಾಗಲೇ ಅದರ ಅರ್ಧ ಹಣೆಬರಹ ಬರೆದಾಗಿರುತ್ತದೆ ಎಂದು ನನಗೆ ಅನ್ನಿಸುತ್ತದೆ.

ಕೆಲವೇ ದಿನದ ಕೆಲಸಕ್ಕೆ ಬೆಳಗಾವಿ ಹಿಂದೊಮ್ಮೆ ಬೇರೆಯದೇ ದಾರಿ ಹಿಡಿದಿತ್ತು. 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆಯಿತು. ಅವರು ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದು. ಟಿಳಕವಾಡಿಯ ಬಯಲಿನಲ್ಲಿ ‘ವಿಜಯನಗರ’ ಎಂಬ ಹೆಸರಿನ ತಾತ್ಕಾಲಿಕ ಊರೇ ಎದ್ದಿತು. ಅಧಿವೇಶನ ಮುಗಿದ ಮೇಲೆ ಡೇರೆ, ಚಪ್ಪರಗಳನ್ನು ಬಿಚ್ಚಿದರು. ಜನರಿಗೆ ನೀರು ಬೇಕೆಂದು ತೋಡಿದ ದೊಡ್ಡ ಬಾವಿ ಮಾತ್ರ ಉಳಿಯಿತು. ಕಾಂಗ್ರೆಸ್ ಬಾವಿ ಎಂದು ಇಂದಿಗೂ ಅದಕ್ಕೆ ಹೆಸರು. ಯಾವುದು ಹತ್ತು ದಿನಕ್ಕೆ ಬೇಕೋ ಅದು ಬಟ್ಟೆಯದು, ಯಾವುದು ಯಾವಾಗಲೂ ಬೇಕೋ ಅದು ಕಲ್ಲಿನದು!

ಸುಟ್ಟ ಮಡಕೆ, ಹೊದಿಸಿದ ಹಂಚು

ಬಿಚ್ಚಿ ಮತ್ತೆ ಕಟ್ಟುವ ಜಾಣತನ ಖಾನಾಪುರಕ್ಕೆ ಹೊಸತಲ್ಲ. ಖಾನಾಪುರ ಜೇಡಿಮಣ್ಣಿಗೆ, ಕುಂಬಾರಿಕೆಗೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಅಲ್ಲಿದೆ. ಅದೇ ಜೇಡಿಮಣ್ಣಿನಿಂದ ಮಡಕೆಯನ್ನೂ ಮಾಡಬಹುದು, ಹಂಚನ್ನೂ ಮಾಡಬಹುದು. ಸುಟ್ಟ ಮಡಕೆಯ ಬಾಯಿ ಚಿಕ್ಕದಾಯಿತೆಂದು ದೊಡ್ಡದು ಮಾಡಲಾಗದು. ಒಂದು ಕಡೆ ಸೀಳಿದರೆ ಇಡೀ ಮಡಕೆ ಹೋಯಿತು. ಹಂಚಿನ ಚಾವಣಿ ಹಾಗಲ್ಲ. ಒಂದು ಹಂಚು ಒಡೆದರೆ ಅದೊಂದನ್ನೇ ಸರಿಸಿ ಹೊಸದು ಇಡಬಹುದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಒಂದಕ್ಕೊಂದು ಕೊಂಡಿಯಾಗಿ ಕೂರುವ ಹಂಚು ನಾಡಿನಲ್ಲೆಲ್ಲ ಹರಡಿತು. ಎಲ್ಲ ಹಂಚೂ ಒಂದೇ ಅಳತೆಯಾದ್ದರಿಂದ ಒಂದು ಮನೆಯದನ್ನು ಬಿಚ್ಚಿ ಇನ್ನೊಂದಕ್ಕೆ ಹೊದಿಸಬಹುದು.

ಸುಣ್ಣದ ಗಾರೆಯ ಗೋಡೆಯೂ ಹೀಗೆಯೇ. ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಗೋಡೆ ಬಿಚ್ಚಿದರೆ ಕಲ್ಲು ಇಡಿಯಾಗಿ ಕೈಗೆ ಬರುತ್ತದೆ. ಗಟ್ಟಿ ಸಿಮೆಂಟಿನಲ್ಲಿ ಕೂರಿಸಿದ ಇಟ್ಟಿಗೆಯನ್ನು ಬಿಡಿಸಲು ಹೋದರೆ ಇಟ್ಟಿಗೆಯೇ ಪುಡಿಯಾಗುತ್ತದೆ. ಇಂದಿನ ಕಚೇರಿಗಳಲ್ಲಿ ಅಂಟಿನ ಬದಲು ತಿರುಪು, ಬೆಸುಗೆಯ ಬದಲು ನಟ್ಟು-ಬೋಲ್ಟು ಬಳಸಬೇಕೆಂದು ವಾಸ್ತುಶಿಲ್ಪಿಗಳು ಹೇಳುವುದು ಇದೇ ಕಾರಣಕ್ಕೆ. ಅಡ್ಡಗೋಡೆಯ ಹಲಗೆಯನ್ನು ಬಿಚ್ಚಿ ಬೇರೆ ಕೋಣೆಗೆ ಒಯ್ಯಬಹುದು.

ನೀವೇ ಅಳೆದು ನೋಡಿ

ನಾಲ್ಕೈದು ಜನ ಸೇರಿ ನಿಮ್ಮ ಶಾಲೆಯನ್ನೋ, ಗ್ರಾಮ ಪಂಚಾಯಿತಿ ಕಚೇರಿಯನ್ನೋ ಪರೀಕ್ಷಿಸಿ. ಹೋಗುವ ಮುಂಚೆ ಅನುಮತಿ ಕೇಳಿ. ಅಳತೆ ಪಟ್ಟಿ, ಒಂದು ನೋಟುಪುಸ್ತಕ ಸಾಕು. ನೆಲದಿಂದ ಕಿಟಕಿಯ ಮೇಲ್ತುದಿಯ ಎತ್ತರ ಅಳೆಯಿರಿ. ಕಿಟಕಿಯಿಂದ ಎದುರು ಗೋಡೆಗೆ ಎಷ್ಟು ದೂರ? ಎರಡೂವರೆ ಪಟ್ಟಿನೊಳಗೆ ಇದೆಯೆ? ದೀಪ ಆರಿಸಿ, ಎದುರು ಗೋಡೆಯ ಬಳಿ ಕುಳಿತು ಪಾಠ ಓದಿ ನೋಡಿ. ನೀರಿನ ಕೊಳವೆ ಗೋಡೆಯ ಮೇಲಿದೆಯೋ, ಒಳಗೋ? ಬಾಗಿಲಿನಲ್ಲಿ ಗಾಲಿ ಕುರ್ಚಿ ಹೋಗುತ್ತದೆಯೆ? ಚಾವಣಿ ಸೋರಿದ ಗುರುತು ಎಲ್ಲಿದೆ? ಬಳಿಕ ಊರಿನ ಹಿರಿಯರನ್ನು, ಸಾಧ್ಯವಾದರೆ ಕಟ್ಟಡ ಕಟ್ಟಿದ ಗೌಂಡಿಯನ್ನೇ, ಭೇಟಿ ಮಾಡಿ. ಈ ಕಟ್ಟಡ ಯಾವ ಇಸವಿಯಲ್ಲಿ ಆಯಿತು, ಈಗಿನ ಬಿಸಿಯೂಟದ ಕೋಣೆ ಮೊದಲು ಏನಾಗಿತ್ತು, ಗಣಕಯಂತ್ರ ಇಟ್ಟ ಕೋಣೆಯಲ್ಲಿ ಅದಕ್ಕೂ ಮುಂಚೆ ಏನಿತ್ತು ಎಂದು ಕೇಳಿ. ಉತ್ತರಗಳನ್ನು ಇಸವಿಯ ಪ್ರಕಾರ ಒಂದರ ಕೆಳಗೊಂದು ಬರೆದು, ತರಗತಿಯ ಗೋಡೆಗೆ ಅಂಟಿಸಿ. ಕೆಳಗೆ ಒಂದಿಷ್ಟು ಜಾಗ ಖಾಲಿ ಬಿಡಿ.